ಇಪ್ಪತ್ತು ವರ್ಷಗಳ ನಕಾಶೆ, ಮೂವತ್ತು ದಿನಗಳ ಅವಕಾಶ



ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಗಡಿನಾಡ ಕನ್ನಡಿಗರ ಸಭೆಯೆಂದೊಡನೆ ಉಪನ್ಯಾಸಕನ ಮನಸ್ಸು ಸಹಜವಾಗಿಯೇ ಶಾಸನಗಳ ಕಡೆಗೂ ಶರಣರ ಕಡೆಗೂ ಹರಿಯುವುದುಂಟು. ‘ಲತ್ತಲೂರ ಪುರವರಾಧೀಶ್ವರ’ರೆಂಬ ರಾಷ್ಟ್ರಕೂಟರ ಬಿರುದನ್ನು ಸ್ಮರಿಸಿ, ಇಲ್ಲಿಗೆ ಸಮೀಪವರ್ತಿಯಾದ ಕಲ್ಯಾಣದ ಚಾಲುಕ್ಯ ವೈಭವವನ್ನು ಬಣ್ಣಿಸಿ, ಈ ನೆಲದಲ್ಲಿ ಕನ್ನಡದ ಬೇರು ಎಷ್ಟು ಆಳವಾದುದೆಂಬುದನ್ನು ನಿರೂಪಿಸುವುದು ಇಂಥ ವೇದಿಕೆಗಳ ಸಂಪ್ರದಾಯವಾಗಿದೆ. ಆ ಸ್ಮರಣೆಯನ್ನು ನಾನು ಲಘುವೆಂದು ಭಾವಿಸತಕ್ಕವನಲ್ಲ. ಆದರೂ ಈ ದಿನ ನಾನು ಆಯ್ದುಕೊಂಡಿರುವುದು ಸಾಹಿತ್ಯ ಸಭೆಗಳು ಸಾಮಾನ್ಯವಾಗಿ ಮುಟ್ಟದ ವಿಷಯ: ನಗರ ಪರಿಷತ್ತೊಂದು ತನ್ನ ಊರಿನ ಮುಂದಿನ ಇಪ್ಪತ್ತು ವರ್ಷಗಳ ವಿಕಾಸ ಯೋಜನೆಯನ್ನು ಚರ್ಚಿಸಿ ಅಂಗೀಕರಿಸುವ ಕ್ರಮ. ನಮ್ಮ ಪೇಟೆಗಳಲ್ಲಿ ಜನ ಇದನ್ನು ಆರಾಖಡಾ ಎನ್ನುತ್ತಾರೆ, ಅವಸರದಲ್ಲಿರುವವರು ಡಿ.ಪಿ. ಎನ್ನುತ್ತಾರೆ, ಹೊಲಕ್ಕೋ ಮನೆಗೋ ಅದರ ಗೆರೆ ತಗುಲಿದ ದಿನದ ಹೊರತು ಅದರ ವಿಚಾರವನ್ನೇ ಎತ್ತುವುದಿಲ್ಲ. ಶಾಲೆ ಯಾವ ಮಗ್ಗುಲಲ್ಲಿ ಏಳಬೇಕು, ಸಂತೆ ಎಲ್ಲಿ ಕೂಡಬೇಕು, ರುದ್ರಭೂಮಿಗೆ ದಾರಿ ಯಾವುದು, ಕೆರೆಯ ಅಂಗಳ ಕೆರೆಯಾಗಿಯೇ ಉಳಿಯುವುದೋ ಪ್ಲಾಟುಗಳಾಗುವುದೋ ಎಂಬಿವೆಲ್ಲವೂ ತೀರ್ಮಾನವಾಗುವುದು ಆ ಒಂದು ಹಾಳೆಯ ಮೇಲೆಯೇ ಆದಕಾರಣ, ಜನಜೀವನದ ಬಗೆಗೆ ಕಾಳಜಿಯುಳ್ಳ ಯಾವ ಸಭೆಗೂ ಇದು ಹೊರಗಿನ ವಿಷಯವಾಗಲಾರದು.

ಮೊದಲು ಕ್ರಮವನ್ನು ಹೇಳುತ್ತೇನೆ. 1966ರ ಮಹಾರಾಷ್ಟ್ರ ಪ್ರಾದೇಶಿಕ ಹಾಗೂ ನಗರ ಯೋಜನಾ ಕಾಯಿದೆಯ ಪ್ರಕಾರ, ಪ್ರತಿಯೊಂದು ನಗರ ಪರಿಷತ್ತೂ ತನ್ನ ಸೀಮೆಯೊಳಗಿನ ಭೂಮಿಗೆ ವಿಕಾಸ ಯೋಜನೆಯನ್ನು ರಚಿಸತಕ್ಕದ್ದು, ಇಪ್ಪತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸತಕ್ಕದ್ದು. ಪರಿಷತ್ತು ಮೊದಲು ತನ್ನ ಉದ್ದೇಶವನ್ನು ಠರಾವಿನ ಮೂಲಕ ಘೋಷಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ನಗರರಚನಾ ಅಧಿಕಾರಿಯು ಇರುವ ಭೂಬಳಕೆಯನ್ನೆಲ್ಲ ಅಳೆದು ನಕಾಶೆಗೆ ಇಳಿಸುತ್ತಾನೆ. ತದನಂತರ ಮುಂದೆ ಆಗಬೇಕಾದುದರ ಕರಡು ಸಿದ್ಧವಾಗಿ, ಹಳದಿಯಲ್ಲಿ ವಸತಿ, ನೀಲಿಯಲ್ಲಿ ವ್ಯಾಪಾರ, ನೇರಳೆಯಲ್ಲಿ ಉದ್ಯಮ, ಹಸುರಿನಲ್ಲಿ ಉದ್ಯಾನ, ಹೀಗೆ ಬಣ್ಣಬಣ್ಣದ ಪಟವಾಗಿ ಪರಿಷತ್ತಿನ ಗೋಡೆಯ ಮೇಲೆ ಬರುತ್ತದೆ. ಅಂದಿನಿಂದ ಊರಿನ ಯಾವನೇ ನಿವಾಸಿಯು ತನ್ನ ಆಕ್ಷೇಪವನ್ನೂ ಸೂಚನೆಯನ್ನೂ ಸಲ್ಲಿಸಲು ಕಾಯಿದೆ ಕೊಡುವ ಅವಧಿ 30 ದಿನಗಳು. ಬಂದ ಆಕ್ಷೇಪಗಳನ್ನು ಕೇಳುವುದಕ್ಕೆ ಒಂದು ಯೋಜನಾ ಸಮಿತಿ. ಪರಿಷತ್ತಿನ ಕಡೆಯ ಮೂವರು, ಅವರೊಡನೆ ವಿಷಯಜ್ಞರಾದ ಕೆಲವರು. ಆ ಸಮಿತಿಯ ವರದಿಯನ್ನು ಸರ್ವಸಾಧಾರಣ ಸಭೆಯು ಪರಿಶೀಲಿಸಿ, ಬದಲಾವಣೆಗಳೊಡನೆ ಅಂಗೀಕರಿಸಿ, ರಾಜ್ಯ ಸರ್ಕಾರಕ್ಕೆ ಕಳುಹಿಸಿಕೊಡುತ್ತದೆ. ಮಂಜೂರಾತಿಯ ಮೇಲೆ ಅದು ಊರಿನ ವಿಧಿಯಾಗುತ್ತದೆ. ಇಪ್ಪತ್ತು ವರ್ಷಗಳ ಬಾಳಿಗೆ ಮೂವತ್ತು ದಿನಗಳ ಮಾತು. ಈ ಮೂವತ್ತು ದಿನಗಳಲ್ಲಿ ಊರು ಮಾತನಾಡಿದ್ದರೆ ಮಾತ್ರ ಯೋಜನೆಯು ಊರಿನದಾಗುತ್ತದೆಂಬುದೂ, ಗಡಿನಾಡಿನಲ್ಲಿ ಆ ಮಾತು ಕನ್ನಡದಲ್ಲಿಯೂ ನಡೆಯಬೇಕೆಂಬುದೂ ನನ್ನ ಪ್ರತಿಪಾದನೆ.

ದೂರಕಾಲದ ವ್ಯವಸ್ಥೆಯನ್ನು ಸಭೆ ಕೂಡಿ ನಿರ್ಣಯಿಸುವುದು ಈ ಸೀಮೆಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಈಗಿನ ಧಾರಾಶಿವ, ಲಾತೂರು, ನಾಂದೇಡ ಜಿಲ್ಲೆಗಳಲ್ಲಿಯೂ ದೊರೆತಿವೆ. ನಾಂದೇಡ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿಯವರೂ ಶೆಳಕೆಯವರೂ ಸಂಪಾದಿಸಿ ಪ್ರಕಟಿಸಿರುವುದನ್ನು ಬಲ್ಲವರು ಬಲ್ಲರು. ಅಂಥ ಶಾಸನಗಳಲ್ಲಿ ಊರ ಮಹಾಜನರು ನೆರೆದು ದೇವಾಲಯಕ್ಕೆ, ಛತ್ರಕ್ಕೆ, ಕೆರೆಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಗಳು ವಿಪುಲವಾಗಿವೆ. ಕೆರೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳದೆ, ಅದರ ಏರಿಯನ್ನು ಕಾಯುವವನಿಗೆ, ಹೂಳನ್ನು ಎತ್ತುವವನಿಗೆ ಕೆರೆಗೊಡಗೆ, ಬಿತ್ತುವಟ್ಟಗಳೆಂದು ಶಾಶ್ವತ ಆದಾಯವನ್ನು ಗೊತ್ತುಪಡಿಸಿದ ಆ ದೂರದೃಷ್ಟಿಯು ಇಂದಿನ ಅನೇಕ ಯೋಜನೆಗಳಲ್ಲಿ ಕಾಣದ ವಿವೇಕ. ಇಂದು ನೀರಿನ ತೊಟ್ಟಿಗೆ ಹಣ ಮಂಜೂರಾಗುತ್ತದೆ, ತೊಟ್ಟಿಯ ಸೋರಿಕೆಗೆ ಆಗುವುದಿಲ್ಲ. ಆದರೆ ಪೂರ್ವಿಕರನ್ನು ಹೊಗಳುವಾಗ ಪೂರ್ಣ ಸತ್ಯವನ್ನು ಹೇಳಬೇಕು. ಆ ಮಹಾಜನಸಭೆಗಳಲ್ಲಿ ಕೆರೆಯ ಮಣ್ಣು ಹೊತ್ತವನಿಗೆ ಆಸನವಿರಲಿಲ್ಲ, ಅವನ ಹೆಂಡತಿಗೆ ಪ್ರವೇಶವೇ ಇರಲಿಲ್ಲ. ಇಂದಿನ ಪರಿಷತ್ತಿನಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ, ಪರಿಶಿಷ್ಟರಿಗೆ ಅವರ ಪಾಲಿದೆ. ಸಭೆಯ ಅಧಿಕಾರವು ಪುರಾತನರಿಂದಲೂ ಅದರ ವಿಸ್ತಾರವು ಸಂವಿಧಾನದಿಂದಲೂ ಬಂದಿತೆಂದು ತಿಳಿಯುವುದು ನ್ಯಾಯ.

ನಮ್ಮ ಕಾಲಕ್ಕೆ ಬರೋಣ. ಈ ಮೂರು ತಾಲ್ಲೂಕುಗಳ ಜನರ ನೆನಪಿನಲ್ಲಿ ಅತ್ಯಂತ ದೊಡ್ಡ ನಕಾಶೆಯನ್ನು ಬರೆದುದು ನಗರ ಪರಿಷತ್ತಲ್ಲ, ಕೇಂದ್ರ ಸರ್ಕಾರ ನೇಮಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ಆಯೋಗವು 1955ರ ಸೆಪ್ಟೆಂಬರ್ 30ರಂದು ತನ್ನ ವರದಿಯನ್ನು ಒಪ್ಪಿಸಿತು. ಅಂದು ಉದಗೀರ, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳು; ಉಮರ್ಗಾ ಇಂದು ಧಾರಾಶಿವವೆನಿಸಿದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದ್ದುದು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕೂಡಿ ಬಾಳಿದ ಬೀದರ ಜಿಲ್ಲೆಯನ್ನು ಒಡೆಯದೆ, ತೆಲಂಗಾಣದ ಜಿಲ್ಲೆಗಳೊಡನೆ ಉಳಿಯತಕ್ಕ ಹೈದರಾಬಾದ್ ರಾಜ್ಯದಲ್ಲಿಯೇ ಇರಿಸಬೇಕೆಂಬುದು ಆಯೋಗದ ಸಲಹೆಯಾಗಿದ್ದಿತು. ಚರ್ಚೆಗಳಾದವು, ವಿಧಾನಸಭೆಗಳಲ್ಲಿ, ಸಂಸತ್ತಿನಲ್ಲಿ ವಾದಗಳಾದವು. ಪರಿಣಾಮವಾಗಿ 1956ರ ಕಾಯಿದೆಯು ಆ ಸಲಹೆಯನ್ನು ಕೈಬಿಟ್ಟು, ನವೆಂಬರ್ 1ರಂದು ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳನ್ನು ಮುಂಬಯಿ ರಾಜ್ಯಕ್ಕೂ, ಭಾಲ್ಕಿ, ಹುಮನಾಬಾದ್ ಮೊದಲಾದ ಭಾಗವನ್ನು ಮೈಸೂರು ರಾಜ್ಯಕ್ಕೂ, ಇನ್ನು ಕೆಲವನ್ನು ಆಂಧ್ರಕ್ಕೂ ಹಂಚಿತು. ಈ ಹಂಚಿಕೆ ಸರಿಯೋ ತಪ್ಪೋ ಎಂಬ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಪರಿಣತರು ಸಿದ್ಧಪಡಿಸಿಟ್ಟ ನಕಾಶೆಯೂ ಮಾತಿನ ಬಲದಿಂದ ಬದಲಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನ ಉದಗೀರದವನಿಗೆ ಬೇರೆ ಬೇಕಿಲ್ಲವೆಂಬುದಷ್ಟೇ ನನಗೆ ಪ್ರಸ್ತುತ.

ಅದೇ ಆಯೋಗದ ವರದಿಯಲ್ಲಿ ಇನ್ನೊಂದು ಪಾಠವಿದೆ. ದೇಶದ ಎಲ್ಲ ಮೂಲೆಗಳಿಂದ ಅವರ ಕೈಗೆ ಬಂದ ಪತ್ರಗಳು 1,52,250. ಅವುಗಳಲ್ಲಿ ವಿಚಾರಪೂರ್ವಕವಾಗಿ ಸಿದ್ಧವಾದ ವಿಜ್ಞಾಪನೆಗಳೆಂದು ಅವರು ಗಣಿಸಿದುದು ಸುಮಾರು ಎರಡು ಸಾವಿರವನ್ನು ಮಾತ್ರ. ಉಳಿದ ಒಂದೂವರೆ ಲಕ್ಷ ಕಾಗದಗಳಲ್ಲಿ ಭಾವನೆ ಇದ್ದಿರಬೇಕು, ಅಭಿಮಾನ ಇದ್ದಿರಬೇಕು, ಆದರೆ ಇಂಥ ಹಳ್ಳಿಯ ಸಂತೆ ಇಂಥ ಊರಲ್ಲಿ, ಇಂಥ ಹೊಳೆಯ ನೀರು ಇಂಥ ಹೊಲಕ್ಕೆ, ಇಂಥ ಶಾಲೆಗೆ ಇಷ್ಟು ಮಕ್ಕಳು ಎಂಬ ವಿವರ ಇದ್ದಿರಲಾರದು. ನಗರ ಪರಿಷತ್ತಿಗೆ ಆಕ್ಷೇಪ ಬರೆಯುವ ಪ್ರತಿಯೊಬ್ಬನೂ ಈ ಎರಡು ಅಂಕೆಗಳನ್ನು ಮನಸ್ಸಿನಲ್ಲಿಡಬೇಕು.

ಎರಡನೆಯ ನಕಾಶೆಯನ್ನು ಬರೆಯುವಂತೆ ಮಾಡಿದುದು ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ, ಕಿಲ್ಲಾರಿಯ ಸುತ್ತಲಿನ ಔಸಾ ಹಾಗೂ ಅಂದಿನ ಉಮರ್ಗಾ ತಾಲ್ಲೂಕುಗಳಲ್ಲಿ ಮಣ್ಣು ಕಲ್ಲಿನ ದಪ್ಪ ಗೋಡೆಗಳೂ ಭಾರವಾದ ಮಾಳಿಗೆಗಳೂ ಕುಸಿದು, ಎಂಟರಿಂದ ಹತ್ತು ಸಾವಿರ ಜೀವಗಳು ಹೋದವು. 52 ಹಳ್ಳಿಗಳನ್ನು ಹಳೆಯ ನೆಲೆಯಿಂದ ಎಬ್ಬಿಸಿ ಹೊಸ ನೆಲೆಯಲ್ಲಿ ಕಟ್ಟಬೇಕಾಯಿತು. ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರ್ಕಾರ ಆ ಕಾರ್ಯವನ್ನು ಕೈಗೊಂಡಿತು. ಮನೆಯ ಅಳತೆಯನ್ನು ಜಮೀನಿನ ಹಿಡುವಳಿಯ ಮೇಲೆ ಗೊತ್ತುಮಾಡಿದರು: ಭೂಹೀನನಿಗೂ ಚಿಕ್ಕ ಹಿಡುವಳಿಯವನಿಗೂ 250 ಚದರ ಅಡಿ, ನಡುವಿನವನಿಗೆ 400, ದೊಡ್ಡ ಹಿಡುವಳಿಯವನಿಗೆ 750. ಹೊಸ ಊರುಗಳು ಹಳೆಯವುಗಳ ಹಲವು ಪಟ್ಟು ವಿಸ್ತಾರವಾಗಿ, ಪಟ್ಟಣದ ಬಡಾವಣೆಗಳ ಹಾಗೆ ನೇರ ಬೀದಿಗಳಾಗಿ, ಸಾಲು ಮನೆಗಳಾಗಿ ಎದ್ದವು. ಪ್ರಾಣಭಯದಲ್ಲಿದ್ದ ಜನ ಅಂದು ಒಪ್ಪಿಕೊಂಡರು. ವರ್ಷಗಳು ಸಂದ ಮೇಲೆ ಹೊಲ ದೂರವಾದ ದುಃಖ, ದನ ಕಟ್ಟುವುದಕ್ಕೆ ತಾವಿಲ್ಲದ ಸಂಕಟ, ನೆರೆಹೊರೆ ಚದುರಿಹೋದ ಒಂಟಿತನ ಇವೆಲ್ಲ ಬಾಯಿಗೆ ಬಂದವು. ದೇವಣಿ ತಳಿಯ ಎತ್ತುಗಳನ್ನು ಮನೆಯ ಮಕ್ಕಳ ಸಮನಾಗಿ ಸಾಕಿದ ಸೀಮೆಯಲ್ಲಿ ಕೊಟ್ಟಿಗೆಯಿಲ್ಲದ ಮನೆಯ ನಕಾಶೆಯನ್ನು ಬರೆದವನು ದುಷ್ಟನಾಗಿರಲಿಲ್ಲ. ಅವನು ಕೇಳಿರಲಿಲ್ಲ, ಅಥವಾ ಕೇಳುವುದಕ್ಕೆ ಅವನಿಗೆ ಅವಧಿಯಿರಲಿಲ್ಲ.

ಆ ಕಾರ್ಯದಲ್ಲಿಯೇ ಬೇರೊಂದು ಭಾಗವೂ ಇದ್ದಿತು, ಅದನ್ನು ಹೇಳದೆ ಬಿಡುವುದು ಅನ್ಯಾಯವಾದೀತು. ನೆಲೆ ಬದಲಿಸದೆ ಇದ್ದಲ್ಲಿಯೇ ಮನೆಗಳನ್ನು ದುರಸ್ತಿಗೊಳಿಸಿ ಬಲಪಡಿಸಬೇಕಾಗಿದ್ದ ಸಾವಿರಕ್ಕೂ ಮಿಕ್ಕಿದ ಹಳ್ಳಿಗಳಲ್ಲಿ, ಪ್ರೇಮಾ ಗೋಪಾಲನ್ ಅವರ ನೇತೃತ್ವದ ಸ್ವಯಂ ಶಿಕ್ಷಣ ಪ್ರಯೋಗವೆಂಬ ಸಂಸ್ಥೆಯನ್ನು ಸರ್ಕಾರವು ಜನಸಹಭಾಗಿತ್ವದ ಸಲಹಾಸಂಸ್ಥೆಯನ್ನಾಗಿ ನೇಮಿಸಿತು. ಹಳ್ಳಿಹಳ್ಳಿಯ ಮಹಿಳಾ ಮಂಡಲಗಳಿಂದ ಆಯ್ದ ಸ್ತ್ರೀಯರು ‘ಸಂವಾದ ಸಹಾಯಕ’ರಾಗಿ, ಇಂಜಿನಿಯರನಿಗೂ ಮನೆಯವರಿಗೂ ನಡುವೆ ನಿಂತು, ಯಾರಿಗೆ ಎಷ್ಟು ಸಾಮಗ್ರಿ ಬಂದಿದೆ, ಗೋಡೆಗೆ ಯಾವ ಕಟ್ಟು ಹಾಕಬೇಕು ಎಂಬುದನ್ನೆಲ್ಲ ಕಲಿತು ಕಲಿಸಿದರು. ಅಲ್ಲಿಯವರೆಗೆ ಪಂಚಾಯತಿಯ ಕಟ್ಟೆಯನ್ನು ಹತ್ತದ ಹೆಂಗಸರು ಅಂದು ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದರು. ಒಂದೇ ವಿಪತ್ತು, ಒಂದೇ ಸರ್ಕಾರ, ಒಂದೇ ಹಣ. ಮಾತಿಗೆ ಅವಕಾಶವಿತ್ತ ಭಾಗದಲ್ಲಿ ಜನ ಮನೆಯೊಡನೆ ಮನೆಯ ವಿದ್ಯೆಯನ್ನೂ ಪಡೆದರು.

ಈಗ ನಗರದ ಯೋಜನೆಗೆ ಹಿಂತಿರುಗುತ್ತೇನೆ. ಸಭೆಯಲ್ಲಿ ನಿಜವಾಗಿ ತೀವ್ರ ವಾದ ನಡೆಯುವುದು ಆರಕ್ಷಣೆಯ ಮೇಲೆ, ಎಂದರೆ ಸಾರ್ವಜನಿಕ ಉದ್ದೇಶಕ್ಕೆ ಭೂಮಿಯನ್ನು ಕಾದಿರಿಸುವುದರ ಮೇಲೆ. ಒಬ್ಬ ರೈತನ ಮೂರು ಎಕರೆಯ ಮೇಲೆ ಆಟದ ಮೈದಾನವೆಂದು ಹಸುರು ಬಣ್ಣ ಬಿದ್ದರೆ ಅಂದಿನಿಂದ ಅವನು ಅದನ್ನು ಮನಬಂದಂತೆ ಮಾರಲಾರ, ಕಟ್ಟಲಾರ. ಪರಿಷತ್ತು ಹಣಕೊಟ್ಟು ಕೊಳ್ಳಲೂ ಆರದು, ಏಕೆಂದರೆ ಚಿಕ್ಕ ಪರಿಷತ್ತುಗಳ ಬೊಕ್ಕಸ ನೌಕರರ ಸಂಬಳಕ್ಕೇ ಸಾಲದು. ಹತ್ತು ವರ್ಷಗಳೊಳಗೆ ಭೂಮಿಯನ್ನು ವಶಪಡಿಸಿಕೊಳ್ಳದಿದ್ದರೆ, ಅದೇ ಕಾಯಿದೆಯ 127ನೆಯ ಕಲಮಿನ ಮೇರೆಗೆ ಮಾಲೀಕನು ನೋಟೀಸು ಕೊಟ್ಟು, ಗೊತ್ತಾದ ಅವಧಿ ಕಳೆದ ಮೇಲೆ ಆರಕ್ಷಣೆಯನ್ನು ರದ್ದುಗೊಳಿಸಿಕೊಳ್ಳಬಹುದು. ಫಲವಾಗಿ, ಮೈದಾನವೂ ಆಗದೆ ಹೊಲವೂ ಉಳಿಯದೆ, ಆ ನೆಲವು ಗುಂಠೆ ಗುಂಠೆಯಾಗಿ ಹರಿದು ಮಾರಾಟವಾಗುತ್ತದೆ. ಹೀಗೆ ಹರಿದುಹೋದ ಬಡಾವಣೆಗಳನ್ನು ಸಕ್ರಮಗೊಳಿಸಲೆಂದೇ 2001ರಲ್ಲಿ ಗುಂಠೆವಾರಿ ಕಾಯಿದೆ ಬರಬೇಕಾಯಿತು. ಆದಕಾರಣ, ಹೆಚ್ಚು ಆರಕ್ಷಣೆಗಳನ್ನು ಬರೆದ ಯೋಜನೆಯು ಶ್ರೇಷ್ಠವೆಂಬ ನಂಬಿಕೆಗೆ ಅರ್ಥವಿಲ್ಲ. ಕೊಳ್ಳಲಾಗುವಷ್ಟನ್ನು, ಕಾಯಲಾಗುವಷ್ಟನ್ನು ಮಾತ್ರ ಗುರುತಿಸಿ ಅದಕ್ಕೆ ಹಣದ ಮೂಲವನ್ನೂ ಬರೆಯುವ ಧೈರ್ಯವು ಸಭೆಗೆ ಬರುವುದು, ಗಡಿಬಿಡಿಯಿಲ್ಲದೆ ಪ್ರತಿ ವಾರ್ಡಿನ ನಗರಸೇವಕನೂ ಎದ್ದು ಮಾತನಾಡಿದಾಗಲೇ. ವಾದದ ಸಭೆ ಬೇಸರದ್ದು, ದೀರ್ಘವಾದುದು, ಕೆಲವೊಮ್ಮೆ ಕಹಿಯಾದುದು. ಆದರೂ ಇಪ್ಪತ್ತು ವರ್ಷಗಳ ಕಹಿಯನ್ನು ಎರಡು ರಾತ್ರಿಗಳಲ್ಲಿ ತೀರಿಸಿಕೊಳ್ಳುವ ಉಪಾಯ ಬೇರೆ ಯಾವುದನ್ನೂ ಪ್ರಜಾಪ್ರಭುತ್ವ ಕಂಡುಕೊಂಡಿಲ್ಲ.

ಸಭೆಯೇ ಇಲ್ಲದಿದ್ದರೆ? ಮಹಾರಾಷ್ಟ್ರದ ಬಹುತೇಕ ನಗರ ಪರಿಷತ್ತುಗಳ ಅವಧಿ 2021ರ ಅಂತ್ಯದಲ್ಲಿಯೂ 2022ರ ಆದಿಯಲ್ಲಿಯೂ ಮುಗಿದು, ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯದಲ್ಲಿ ಚುನಾವಣೆ ನಿಂತು, ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಆಜ್ಞಾಪಿಸಿದ ತರುವಾಯ ಡಿಸೆಂಬರಿನಲ್ಲಿ ಮತದಾನವಾಯಿತು. ನಡುವಣ ವರ್ಷಗಳಲ್ಲಿ ಸರ್ಕಾರ ನೇಮಿಸಿದ ಪ್ರಶಾಸಕರೇ ಪರಿಷತ್ತು. ಐದು ವರ್ಷಗಳ ಅವಧಿ ಮುಗಿಯುವುದರೊಳಗೆ ಚುನಾವಣೆಯಾಗತಕ್ಕದ್ದೆಂದು ಸಂವಿಧಾನದ 74ನೆಯ ತಿದ್ದುಪಡಿಯೇ ವಿಧಿಸಿರುವಾಗ ಈ ಶೂನ್ಯವು ಹೇಗೆ ಸಂಭವಿಸಿತೆಂಬುದು ದುಃಖದ ವಿಷಯ. ಪ್ರಶಾಸಕರಲ್ಲಿ ದಕ್ಷರೂ ಪ್ರಾಮಾಣಿಕರೂ ಇರುತ್ತಾರೆ. ಅವರು ಒಬ್ಬರೇ ಕುಳಿತು ಠರಾವನ್ನು ಸೂಚಿಸಿ, ಒಬ್ಬರೇ ಅನುಮೋದಿಸಿ, ಒಬ್ಬರೇ ಅಂಗೀಕರಿಸುವ ಕ್ರಮವು ಕಾನೂನಿಗೆ ಸರಿಹೊಂದಬಹುದು, ಆದರೆ ಅಂಥ ನಡವಳಿಯ ಪುಸ್ತಕದಲ್ಲಿ ವಿರುದ್ಧ ಮತದ ಒಂದು ಸಾಲೂ ದೊರೆಯದು. ಮುಂದಿನ ಪೀಳಿಗೆಯು ಈ ರಸ್ತೆ ಇಲ್ಲಿಯೇ ಏಕೆ ಬಂತೆಂದು ವಿಚಾರಿಸಿದಾಗ ಉತ್ತರ ಸಿಗುವುದು ಆ ವಿರುದ್ಧ ಮತದ ಸಾಲುಗಳಲ್ಲಿ.

ಇನ್ನು ಭಾಷೆಯ ಮಾತು. ಸಂವಿಧಾನದ 350ನೆಯ ವಿಧಿಯು, ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ವಿಜ್ಞಾಪನೆ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1956ರಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಹೊರಡಿಸಿದ ಜ್ಞಾಪನಪತ್ರವು, ಒಂದು ಜಿಲ್ಲೆಯಲ್ಲಿಯೋ ಅದಕ್ಕಿಂತ ಚಿಕ್ಕದಾದ ತಾಲ್ಲೂಕು, ನಗರಸಭೆಗಳಲ್ಲಿಯೋ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟನೆಗಳನ್ನು ಅವರ ಭಾಷೆಯಲ್ಲಿಯೂ ಕೊಡುವುದು ಯುಕ್ತವೆಂದು ಹೇಳಿತು. ಮರಾಠಿಯು ಇಲ್ಲಿನ ರಾಜಭಾಷೆ, ನಮ್ಮ ನೆರೆಮನೆಯ ಭಾಷೆ, ನಮ್ಮಲ್ಲಿ ಅನೇಕರ ಶಾಲೆಯ ಭಾಷೆ. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಉದಗೀರದಲ್ಲಿ 2022ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಲನ ನಡೆದುದು ನಮಗೂ ಗೌರವದ ಸಂಗತಿಯೇ. ಆದರೆ ಅಕ್ಷರ ಬಾರದ, ಅಥವಾ ಕನ್ನಡ ಮಾತ್ರ ಬರುವ ವೃದ್ಧೆಯೊಬ್ಬಳ ಓಣಿಯ ಮೇಲೆ ಹದಿನೆಂಟು ಮೀಟರಿನ ರಸ್ತೆಯ ಗೆರೆ ಹಾಯ್ದಾಗ, ಅದನ್ನು ಅವಳ ಮಾತಿನಲ್ಲಿ ಅವಳಿಗೆ ತಿಳಿಸಿ, ಅವಳ ಮಾತಿನಲ್ಲಿಯೇ ಅವಳ ಆಕ್ಷೇಪವನ್ನು ಬರೆಸಿಕೊಳ್ಳುವುದು ಔದಾರ್ಯವಲ್ಲ, ಧರ್ಮ.

ಕಾಸರಗೋಡಿನ ಕಡೆ ನೋಡಿದರೆ ಇದಕ್ಕೆ ಒಂದು ಮಾದರಿ ಉಂಟು. ಕೇರಳ ಸರ್ಕಾರವು 1996ರ ಆಗಸ್ಟ್ 17ರಂದು ಜನಯೋಜನೆಯ ಆಂದೋಲನವನ್ನು ಆರಂಭಿಸಿ, ರಾಜ್ಯದ ಯೋಜನಾಹಣದ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಪ್ರತಿ ಪಂಚಾಯತಿಯೂ ಗ್ರಾಮಸಭೆ ಕೂಡಿಸಿ, ತನ್ನ ನೆಲ, ಜಲ, ಜನಗಳ ವಿಕಾಸ ವರದಿಯನ್ನು ತಾನೇ ಬರೆಯಬೇಕಾಯಿತು. ಅಲ್ಲಿನ ರಾಜಭಾಷಾ ಕಾಯಿದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ವ್ಯವಹರಿಸುವ ಅವಕಾಶವನ್ನು 1969ರಲ್ಲಿಯೇ ಇರಿಸಿತು. ಕೊರತೆಗಳು ಅಲ್ಲಿಯೂ ಇವೆ, ಹೋರಾಟವೂ ನಿಂತಿಲ್ಲ. ಆದರೂ ಮಂಜೇಶ್ವರದ ಕಡೆಯ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಎದ್ದು ಮಾತನಾಡುವವನು ತಾನು ಪರಕೀಯನೆಂಬ ಸಂಕೋಚವನ್ನು ಪಡುವುದಿಲ್ಲ. ನಮ್ಮ ಗಡಿಯ ಹಳ್ಳಿಗಳಲ್ಲಿ ‘ಆಮಚಾ ಗಾಂವ, ಆಮಚಾ ವಿಕಾಸ’ ಎಂಬ ಹೆಸರಿನ ಗ್ರಾಮಯೋಜನೆಗೆ ಸಭೆ ಕೂಡುವಾಗ, ಗ್ರಾಮಸಭೆಗೆ ಮುನ್ನ ಸ್ತ್ರೀಯರ ಪ್ರತ್ಯೇಕ ಸಭೆ ನಡೆಯತಕ್ಕದ್ದೆಂಬ ಉತ್ತಮ ನಿಯಮವೊಂದು ಮಹಾರಾಷ್ಟ್ರದಲ್ಲಿದೆ. ಮನೆಯೊಳಗಿನ ಭಾಷೆ ಅತ್ಯಂತ ನಿರ್ಭೀತವಾಗಿ ಹೊರಬರತಕ್ಕ ಸ್ಥಳ ಅದೇ. ಆ ಸಭೆಯ ನಡವಳಿಯನ್ನು ಕನ್ನಡದಲ್ಲಿಯೂ ಬರೆದಿಡುವುದಕ್ಕೆ ಯಾರ ಅನುಮತಿಯೂ ಬೇಡ.

ಆಕ್ಷೇಪದಲ್ಲಿ ಬರೆಯಬೇಕಾದುದೇನು? ಮೊದಲು ನೀರನ್ನು ಬರೆಯಬೇಕು. 2016ರ ಏಪ್ರಿಲಿನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದಿತು. ಹತ್ತು ಟ್ಯಾಂಕರುಗಳ ಮೊದಲ ಗಾಡಿಯಲ್ಲಿ ಬಂದುದು ಐದು ಲಕ್ಷ ಲೀಟರು. ಮಾಂಜರೆಯ ದಡದ ಜಿಲ್ಲೆಗೆ ಕೃಷ್ಣೆಯ ನೀರನ್ನು ಸುಮಾರು 340 ಕಿಲೋಮೀಟರು ಹೊತ್ತು ತರಬೇಕಾದ ಆ ಬೇಸಗೆಯನ್ನು ಮರೆತ ಯೋಜನೆಯು ಯಾವ ಬಣ್ಣದಲ್ಲಿದ್ದರೂ ಅಪೂರ್ಣ. ಉದಗೀರವು ನಾಂದೇಡ ಜಿಲ್ಲೆಯ ಲಿಂಬೋಟಿ ಜಲಾಶಯದಿಂದ ಕುಡಿಯುತ್ತದೆ. ನಿಲಂಗಾ ತಾಲ್ಲೂಕಿನಲ್ಲಿ ತೇರಣೆಯನ್ನು ಕೂಡಿಕೊಂಡ ಮಾಂಜರೆಯು ಬೀದರ ಜಿಲ್ಲೆಗೆ ಇಳಿಯುತ್ತದೆ. ಉಮರ್ಗಾ ಸೀಮೆಯಲ್ಲಿ ಹುಟ್ಟಿದ ಬೆಣ್ಣೆತೊರೆಯು ಕಲಬುರಗಿ ಜಿಲ್ಲೆಯಲ್ಲಿ ಕಾಗಿಣೆಯನ್ನು ಸೇರುತ್ತದೆ. ಅಂದಮೇಲೆ ಉಮರ್ಗಾ ಪಟ್ಟಣದ ಚರಂಡಿಯನ್ನು ಎಲ್ಲಿಗೆ ಬಿಡಬೇಕೆಂಬ ತೀರ್ಮಾನವು ಕಲಬುರಗಿಯ ರೈತನಿಗೂ ಸಂಬಂಧಿಸಿದುದು. ಒಂದೇ ನಿಜಾಮನ ರಾಜ್ಯದಿಂದ ಬಂದ ಈ ಎರಡು ಮಗ್ಗುಲುಗಳಿಗೆ, ಅತ್ತ ಮರಾಠವಾಡೆಗೆ 371ನೆಯ ವಿಧಿಯ ಎರಡನೆಯ ಖಂಡದ ಮೇರೆಗೂ, ಇತ್ತ ಕಲ್ಯಾಣ ಕರ್ನಾಟಕಕ್ಕೆ 371(ಜೆ)ಯ ಮೇರೆಗೂ, ಸಂವಿಧಾನವು ಪ್ರತ್ಯೇಕ ವಿಕಾಸ ಮಂಡಳಿಗಳಿಗೆ ಎಡೆಮಾಡಿಕೊಟ್ಟಿತು; ಹೊಳೆಯ ಮೇಲಿನವರೂ ಕೆಳಗಿನವರೂ ಒಂದೆಡೆ ಕೂಡಿ ನಕಾಶೆಗಳನ್ನು ಹೋಲಿಸಿ ನೋಡುವ ವೇದಿಕೆ ಮಾತ್ರ ಇನ್ನೂ ಆಗಬೇಕಾಗಿದೆ.

ನೀರಿನ ತರುವಾಯ ಶಾಲೆಯ ತಾವು, ಸಂತೆಯ ತಾವು, ಬೇಳೆ ಮಿಲ್ಲುಗಳಿಗೆ ಬರುವ ಬಂಡಿ ಲಾರಿಗಳ ದಾರಿ, ಪುಣೆ ಹೈದರಾಬಾದ್ ಹೆದ್ದಾರಿಯನ್ನು ಉಮರ್ಗಾದಲ್ಲಿ ದಾಟುವ ಮಕ್ಕಳ ಸುರಕ್ಷತೆ, ಹಳೆಯ ಬಾವಿಗಳ ರಕ್ಷಣೆ, ಭೂಕಂಪವನ್ನು ಕಂಡ ನೆಲದಲ್ಲಿ ಕಟ್ಟಡಗಳ ಎತ್ತರ, ಇವೆಲ್ಲ ಸರ್ವೇ ನಂಬರು ಸಹಿತವಾಗಿ ಬರಬೇಕು. ಈಗ ಚುನಾಯಿತ ಪರಿಷತ್ತುಗಳು ಮತ್ತೆ ಕುಳಿತಿವೆ. ಮುಂದಿನ ಕರಡು ಗೋಡೆಗೆ ಬರುವುದಕ್ಕೆ ಮುಂಚೆಯೇ, ಆ ಮೂವತ್ತು ದಿನಗಳು ಆರಂಭವಾಗುವುದಕ್ಕೆ ಮುಂಚೆಯೇ, ಪ್ರತಿ ವಾರ್ಡಿನಲ್ಲಿ ಇಬ್ಬರು ಮೂವರು ಯುವಕ ಯುವತಿಯರು ಹಳೆಯ ಯೋಜನೆಯ ಪ್ರತಿಯನ್ನು ಪಡೆದು, ಅದರಲ್ಲಿ ಬರೆದುದೆಷ್ಟು, ನಡೆದುದೆಷ್ಟೆಂಬುದನ್ನು ಓಣಿ ಓಣಿಯಲ್ಲಿ ನಡೆದು ಗುರುತಿಸಲಿ. ಮರಾಠಿ ಬಲ್ಲವರು ಮರಾಠಿಯಲ್ಲಿ, ಕನ್ನಡ ಬಲ್ಲವರು ಕನ್ನಡದಲ್ಲಿ, ಇಬ್ಬರೂ ಕೂಡಿ ಒಂದೇ ವಿಜ್ಞಾಪನೆಯಾಗಿ ಅದನ್ನು ಸಿದ್ಧಪಡಿಸಿ, ಪರಿಷತ್ತಿನ ಮುಖ್ಯಾಧಿಕಾರಿಯ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಪೋಚು ಪಡೆಯಲಿ. ವಿಚಾರಣೆಯ ದಿನ ಓಣಿಯ ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಲಿ. ಈ ಕಾರ್ಯಕ್ಕೆ ಮುಂದೆ ಬರುವವರಿದ್ದರೆ, ಆಕ್ಷೇಪಪತ್ರದ ಕನ್ನಡ ಪಾಠವನ್ನು ತಿದ್ದಿಕೊಡುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.